ಆಟಗಾರರ ಆಯ್ಕೆಯೂ ಅದೃಷ್ಟದ ಲೆಕ್ಕವೂ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿವರ್ಷ ಏಪ್ರಿಲ್ ತಿಂಗಳ ಕೊನೆಯಲ್ಲಿ ಮೂರು ದಿನಗಳ ಕಾಲ ಒಂದು ವಿಚಿತ್ರವಾದ ಸಭೆ ನಡೆಯುತ್ತದೆ. ಅದು ಫುಟ್‌ಬಾಲ್ ಆಟಕ್ಕೆ ಸಂಬಂಧಿಸಿದ ಸಭೆ. ಆದರೆ ಅಲ್ಲಿ ಪಂದ್ಯವಿಲ್ಲ, ಗೆಲುವು ಸೋಲುಗಳಿಲ್ಲ. ವೇದಿಕೆಯ ಮೇಲೆ ಒಬ್ಬೊಬ್ಬ ತರುಣನ ಹೆಸರನ್ನು ಓದಿ ಹೇಳುತ್ತಾರೆ. ಕೆಳಗೆ ನೆರೆದವರಲ್ಲಿ ಒಂದು ಗುಂಪು ಜಯಘೋಷ ಮಾಡಿದರೆ ಇನ್ನೊಂದು ಗುಂಪು ತಲೆಯ ಮೇಲೆ ಕೈಯಿಟ್ಟು ಕುಳಿತುಕೊಳ್ಳುತ್ತದೆ. ೨೦೨೪ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಈ ಸಭೆಗೆ ಮೂರು ದಿನಗಳಲ್ಲಿ ಏಳು ಲಕ್ಷಕ್ಕೂ ಮಿಕ್ಕ ಜನ ಬಂದಿದ್ದರು. ಇದರ ಹೆಸರು 'ಡ್ರಾಫ್ಟ್'. ವೃತ್ತಿಪರ ತಂಡಗಳು ಕಾಲೇಜುಗಳಿಂದ ಹೊರಬರುವ ಆಟಗಾರರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಕ್ರಮ ಇದು.

ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಆಟದ ಹುಚ್ಚು ಹಿಡಿಸಿಕೊಂಡಿದ್ದಾನೆ. ಅವನ ತಂಡ ಯಾವುದೆಂಬುದು ಇಲ್ಲಿ ಮುಖ್ಯವಲ್ಲ; ಮೂವತ್ತೆರಡು ತಂಡಗಳ ಅಭಿಮಾನಿಗಳ ದುಃಖವೂ ಒಂದೇ ಬಗೆಯದು. ಅವನು ಒಮ್ಮೆ ನನಗೆ ಹೀಗೆ ಬರೆದ: "ಸರ್, ನಮ್ಮ ತಂಡದ ಕಚೇರಿಯವರು ಒಬ್ಬನೇ ಒಬ್ಬ ಹುಡುಗನಿಗಾಗಿ ಮುಂದಿನ ವರ್ಷಗಳ ಬೆಳೆಯನ್ನೆಲ್ಲ ಮಾರಿಬಿಟ್ಟರು. ಅವರಿಗೆ ಬುದ್ಧಿಯಿಲ್ಲವೋ, ಅದೃಷ್ಟವಿಲ್ಲವೋ? ಲೆಕ್ಕ ಹಾಕಿ ಇದನ್ನು ತೀರ್ಮಾನಿಸಲು ಬರುವುದೇ?"

ಪ್ರಶ್ನೆ ಆಟದ್ದಾದರೂ ಅದರ ಒಳಗಿರುವುದು ವಿಜ್ಞಾನದ ಒಂದು ಮೂಲಭೂತ ಸಮಸ್ಯೆ. ಅಳತೆಯಲ್ಲಿ ದೋಷವಿರುವಾಗ ಆಯ್ಕೆಯನ್ನು ಹೇಗೆ ಮಾಡಬೇಕು? ಮಾಡಿದ ಆಯ್ಕೆ ಸರಿಯೋ ತಪ್ಪೋ ಎಂಬುದನ್ನು ಹೇಗೆ ಪರೀಕ್ಷಿಸಬೇಕು? ಇದನ್ನೇ ಈ ಲೇಖನದಲ್ಲಿ ವಿಚಾರಮಾಡೋಣ.

ಪದ್ಧತಿಯ ಮೂಲ

ಮೊದಲು ಆಟದ ವಿಷಯವಾಗಿ ಎರಡು ಮಾತು. ಅಮೆರಿಕನ್ನರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಅಲ್ಲಿನ ಚೆಂಡು ಎರಡು ತುದಿಗಳೂ ಚೂಪಾದ ನೀಳವಾದ ಚೆಂಡು. ಅದನ್ನು ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಆಟದ ಮುಖ್ಯ ಭಾಗ. ಪ್ರತಿ ಪಕ್ಷದಲ್ಲಿ ಹನ್ನೊಂದು ಮಂದಿ ಕಣದಲ್ಲಿರುತ್ತಾರೆ. ಅವರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನು ಪ್ರಧಾನ. ಚೆಂಡನ್ನು ಯಾರಿಗೆ ಕೊಡಬೇಕು, ಎತ್ತ ಎಸೆಯಬೇಕು ಎಂಬುದನ್ನು ಕ್ಷಣಮಾತ್ರದಲ್ಲಿ ನಿರ್ಧರಿಸುವವನು ಅವನೇ.

೧೯೩೫ರ ಸುಮಾರಿಗೆ ಅಲ್ಲಿನ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ ಒಂಬತ್ತೇ ತಂಡಗಳಿದ್ದವು. ಹಣವುಳ್ಳ ತಂಡಗಳು ಉತ್ತಮ ಆಟಗಾರರನ್ನೆಲ್ಲ ಕರೆದುಕೊಳ್ಳುತ್ತಿದ್ದುದರಿಂದ ಗೆದ್ದವರೇ ಗೆಲ್ಲುತ್ತಿದ್ದರು. ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯರಾದ ಬರ್ಟ್ ಬೆಲ್ ಎಂಬುವರು ಇದಕ್ಕೊಂದು ಪರಿಹಾರವನ್ನು ಸೂಚಿಸಿದರು: ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡ ಮೊದಲು ಆರಿಸಿಕೊಳ್ಳಲಿ, ಗೆದ್ದ ತಂಡ ಕೊನೆಗೆ ಆರಿಸಿಕೊಳ್ಳಲಿ. ೧೯೩೫ರಲ್ಲಿ ಅವರ ತಂಡ ಎರಡು ಪಂದ್ಯಗಳನ್ನು ಗೆದ್ದು ಒಂಬತ್ತನ್ನು ಸೋತಿತ್ತು. ಆದುದರಿಂದ ಈ ನ್ಯಾಯದ ಮೊದಲ ಫಲವೂ ಅವರದೇ ಆಯಿತು! ೧೯೩೬ರ ಫೆಬ್ರವರಿ ೮ರಂದು ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮೊದಲ ಸಭೆ ಸೇರಿತು. ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಷಿಕಾಗೋ ವಿಶ್ವವಿದ್ಯಾನಿಲಯದ ಜೇ ಬರ್ವ್ಯಾಂಗರ್. ಆ ಕಾಲದ ಕಾಲೇಜು ಆಟಗಾರರಲ್ಲಿ ಆತ ಅಗ್ರಗಣ್ಯ. ಆದರೆ ಆತ ವೃತ್ತಿಪರ ಪಂದ್ಯಗಳಲ್ಲಿ ಒಂದನ್ನೂ ಆಡಲಿಲ್ಲ. ಈ ಪದ್ಧತಿಯ ಇತಿಹಾಸದಲ್ಲಿ ಮೊದಲನೆಯ ಆಯ್ಕೆಯೇ ಕೈಗೂಡಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ತಂಡಗಳು ಮೂವತ್ತೆರಡು, ಸುತ್ತುಗಳು ಏಳು. ನಮ್ಮ ಐ.ಪಿ.ಎಲ್. ಕ್ರಿಕೆಟ್ಟಿನಲ್ಲಿ ೨೦೦೮ರಿಂದ ನಡೆದುಬಂದಿರುವ ಹರಾಜಿಗೂ ಇದಕ್ಕೂ ವ್ಯತ್ಯಾಸವುಂಟು. ಹರಾಜಿನಲ್ಲಿ ಹೆಚ್ಚು ಹಣ ಕೂಗಿದವನಿಗೆ ಆಟಗಾರ ದಕ್ಕುತ್ತಾನೆ. ಡ್ರಾಫ್ಟಿನಲ್ಲಿ ಸರದಿ ಯಾರದೋ ಅವರಿಗೆ ದಕ್ಕುತ್ತಾನೆ. ಆದರೆ ಒಂದು ಸ್ವಾತಂತ್ರ್ಯವಿದೆ: ತಂಡಗಳು ತಮ್ಮ ಸರದಿಗಳನ್ನೇ ಪರಸ್ಪರ ಬದಲಾಯಿಸಿಕೊಳ್ಳಬಹುದು. ಈ ವರ್ಷದ ಸರದಿಗೆ ಮುಂದಿನ ವರ್ಷಗಳ ಸರದಿಗಳನ್ನೂ ಸೇರಿಸಿ ಕೊಡಬಹುದು. ವಾದವಿವಾದಗಳು ಹುಟ್ಟುವುದು ಇಲ್ಲಿಯೇ.

ಎರಡು ಪಕ್ಷಗಳು

ಅಭಿಮಾನಿಗಳಲ್ಲಿ ಸ್ಥೂಲವಾಗಿ ಎರಡು ಪಕ್ಷಗಳಿವೆ. ಒಂದು ಪಕ್ಷದವರ ಮತದಲ್ಲಿ, ಅಪೂರ್ವ ಪ್ರತಿಭೆ ಕಂಡಾಗ ಕೈಯಲ್ಲಿರುವುದನ್ನೆಲ್ಲ ಕೊಟ್ಟಾದರೂ ಮೇಲಿನ ಸರದಿಗೆ ಏರಬೇಕು. ಇನ್ನೊಂದು ಪಕ್ಷದವರ ಮತದಲ್ಲಿ, ಮೇಲಿನ ಸರದಿಯನ್ನು ಮಾರಿ ಕೆಳಗಿನ ಹಲವು ಸರದಿಗಳನ್ನು ಕೂಡಿಹಾಕಿಕೊಳ್ಳಬೇಕು. ಎರಡು ಪಕ್ಷಗಳ ಕೈಯಲ್ಲೂ ನಿದರ್ಶನಗಳು ಬೇಕಾದಷ್ಟಿವೆ.

೨೦೧೨ರಲ್ಲಿ ವಾಷಿಂಗ್ಟನ್ ತಂಡ ಆರನೆಯ ಸರದಿಯಿಂದ ಎರಡನೆಯದಕ್ಕೆ ಏರಿ ರಾಬರ್ಟ್ ಗ್ರಿಫಿನ್ ಎಂಬ ಕ್ವಾರ್ಟರ್‌ಬ್ಯಾಕನ್ನು ಪಡೆಯಿತು. ಅದಕ್ಕಾಗಿ ಸೇಂಟ್ ಲೂಯಿಸಿನ ರ್‍ಯಾಮ್ಸ್ ತಂಡಕ್ಕೆ ಆ ವರ್ಷದ ಮೊದಲೆರಡು ಸುತ್ತುಗಳ ಸರದಿಗಳನ್ನೂ ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ತೆತ್ತಿತು. ಗ್ರಿಫಿನ್ ಮೊದಲ ವರ್ಷ ಅದ್ಭುತವಾಗಿ ಆಡಿದ. ೨೦೧೩ರ ಜನವರಿಯಲ್ಲಿ ಆತನ ಮಂಡಿಗೆ ಪೆಟ್ಟಾಯಿತು. ಆಮೇಲೆ ಆ ಆಟ ಮರಳಿ ಬರಲಿಲ್ಲ. ೨೦೧೪ರ ಡಿಸೆಂಬರಿನಲ್ಲಿ ಈ ಎರಡು ತಂಡಗಳೂ ಎದುರಾದಾಗ, ಪಂದ್ಯಕ್ಕೆ ಮುಂಚೆ ನಾಣ್ಯ ಚಿಮ್ಮುವಲ್ಲಿಗೆ ರ್‍ಯಾಮ್ಸ್ ತಂಡ ಆರು ಮಂದಿ ನಾಯಕರನ್ನು ಕಳುಹಿಸಿತು. ಆ ವಿನಿಮಯದ ಫಲವಾಗಿ ದೊರೆತ ಆಟಗಾರರೇ ಆ ಆರು ಮಂದಿ! ಪಂದ್ಯವನ್ನೂ ೨೪–೦ರಿಂದ ಗೆದ್ದಿತು. ಇತ್ತ ೨೦೧೨ರಲ್ಲೇ ಎಪ್ಪತ್ತೈದನೆಯವನಾಗಿ ಆಯ್ಕೆಯಾಗಿದ್ದ ರಸೆಲ್ ವಿಲ್ಸನ್ ೨೦೧೪ರ ಫೆಬ್ರವರಿಯಲ್ಲಿ ಸಿಯಾಟಲ್ ತಂಡಕ್ಕೆ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಗೆದ್ದುಕೊಟ್ಟಿದ್ದ.

ಎರಡನೆಯ ಪಕ್ಷದವರು ಇದನ್ನು ಹೇಳಿ ಮುಗಿಸುವುದರೊಳಗೆ ಮೊದಲನೆಯ ಪಕ್ಷದವರು ಕ್ಯಾನ್ಸಾಸ್ ಸಿಟಿಯ ಕಥೆಯನ್ನು ಎತ್ತುತ್ತಾರೆ. ೨೦೧೭ರಲ್ಲಿ ಆ ತಂಡ ಮುಂದಿನ ವರ್ಷದ ಮೊದಲ ಸುತ್ತಿನ ಸರದಿಯನ್ನೂ ಸೇರಿಸಿ ಕೊಟ್ಟು, ಇಪ್ಪತ್ತೇಳರಿಂದ ಹತ್ತನೆಯ ಸರದಿಗೆ ಏರಿ ಪ್ಯಾಟ್ರಿಕ್ ಮಹೋಮ್ಸ್ ಎಂಬವನನ್ನು ಪಡೆಯಿತು. ೨೦೨೦, ೨೦೨೩ ಮತ್ತು ೨೦೨೪ರ ಫೆಬ್ರವರಿಗಳಲ್ಲಿ ಸೂಪರ್ ಬೌಲ್ ಅದರದಾಯಿತು.

ಎರಡು ಪಕ್ಷಗಳನ್ನೂ ಏಕಕಾಲದಲ್ಲಿ ಬಾಯಿ ಮುಚ್ಚಿಸುವಂಥದು ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕಥೆ. ೨೦೨೧ರಲ್ಲಿ ಅದು ಭಾರಿ ಬೆಲೆ ತೆತ್ತು ಹನ್ನೆರಡರಿಂದ ಮೂರನೆಯ ಸರದಿಗೆ ಏರಿ ಟ್ರೇ ಲ್ಯಾನ್ಸ್ ಎಂಬವನನ್ನು ಆರಿಸಿತು. ಆತ ಆ ತಂಡಕ್ಕಾಗಿ ನಾಲ್ಕು ಪಂದ್ಯಗಳನ್ನಷ್ಟೇ ಮೊದಲಿನಿಂದ ಆಡಿದ. ಮರುವರ್ಷ ಅದೇ ಕಚೇರಿಯವರು ಸಭೆಯ ಕಟ್ಟಕಡೆಯ, ಅಂದರೆ ೨೬೨ನೆಯ ಸರದಿಯಲ್ಲಿ ಬ್ರಾಕ್ ಪರ್ಡಿ ಎಂಬವನನ್ನು ಆರಿಸಿದರು. ೨೦೨೪ರ ಸೂಪರ್ ಬೌಲಿಗೆ ತಂಡವನ್ನು ಕೊಂಡೊಯ್ದವನು ಈ ಕೊನೆಯವನು. ಮೊದಲನೆಯದರಲ್ಲಿ ಎಡವಿದ ಕಚೇರಿಯೂ ಎರಡನೆಯದರಲ್ಲಿ ಗೆದ್ದ ಕಚೇರಿಯೂ ಒಂದೇ. ಅವರು ಬುದ್ಧಿವಂತರೋ ಅಲ್ಲವೋ?

ಬೆಲೆಯ ಪಟ್ಟಿ

ಸರದಿಗಳನ್ನು ಬದಲಾಯಿಸಿಕೊಳ್ಳಬೇಕಾದರೆ ಒಂದೊಂದರ ಬೆಲೆಯೆಷ್ಟೆಂಬುದು ತಿಳಿದಿರಬೇಕಷ್ಟೆ. ೧೯೯೦ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾದ ಮೈಕ್ ಮೆಕಾಯ್ ಎಂಬುವರು ಇದಕ್ಕೊಂದು ಪಟ್ಟಿಯನ್ನು ಸಿದ್ಧಪಡಿಸಿದರು. ತಂಡದ ತರಬೇತುಗಾರ ಜಿಮ್ಮಿ ಜಾನ್ಸನ್ ಅವರ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಅದರಲ್ಲಿ ಮೊದಲನೆಯ ಸರದಿಗೆ ೩೦೦೦ ಅಂಕಗಳು, ಎರಡನೆಯದಕ್ಕೆ ೨೬೦೦, ಹತ್ತನೆಯದಕ್ಕೆ ೧೩೦೦, ಹದಿನಾರನೆಯದಕ್ಕೆ ೧೦೦೦, ಮೂವತ್ತೆರಡನೆಯದಕ್ಕೆ ೫೯೦. ಅಂದರೆ ಮೂವತ್ತೆರಡನೆಯ ಸರದಿಗಳು ಐದನ್ನು ಕೂಡಿಸಿದರೂ ಮೊದಲನೆಯದಕ್ಕೆ ಸಮನಾಗುವುದಿಲ್ಲ. ಇಷ್ಟು ಕಡಿದಾದ ಇಳಿಜಾರು!

ಈ ಅಂಕಗಳು ಎಲ್ಲಿಂದ ಬಂದವು? ಹಿಂದಿನ ಕೆಲವು ವರ್ಷಗಳಲ್ಲಿ ತಂಡಗಳು ಮಾಡಿಕೊಂಡಿದ್ದ ವಿನಿಮಯಗಳನ್ನು ನೋಡಿ, ಅವಕ್ಕೆ ಹೊಂದುವ ವಕ್ರರೇಖೆಯನ್ನು ಎಳೆದುದರಿಂದ ಬಂದವು. ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಳೆದ ವಾರ ಸಂತೆಯಲ್ಲಿ ಮಾವಿನ ಹಣ್ಣನ್ನು ಜನ ಯಾವ ಬೆಲೆಗೆ ಕೊಂಡರೆಂದು ಬರೆದಿಟ್ಟರೆ ನಮಗೆ ಬೆಲೆ ತಿಳಿಯುತ್ತದೆಯೇ ಹೊರತು ಹಣ್ಣಿನ ಸಿಹಿ ತಿಳಿಯುವುದಿಲ್ಲ. ಮೆಕಾಯ್ ಅವರ ಪಟ್ಟಿ ಅಳೆದುದು ಬೆಲೆಯನ್ನು, ಸಿಹಿಯನ್ನಲ್ಲ.

ಸಿಹಿಯನ್ನು ಅಳೆಯಲು ಹೊರಟವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಪ್ರಾಧ್ಯಾಪಕರು. ಇವರಲ್ಲಿ ಥೇಲರ್ ಅವರಿಗೆ ೨೦೧೭ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅನೇಕ ವರ್ಷಗಳ ಆಯ್ಕೆಗಳನ್ನು ತೆಗೆದುಕೊಂಡು, ಆಟಗಾರ ಮುಂದೆ ಹೇಗೆ ಆಡಿದ, ಅವನಿಗೆ ಕೊಟ್ಟ ಸಂಬಳವೆಷ್ಟು ಎಂಬುದನ್ನು ಅವರು ತೂಗಿ ನೋಡಿದರು. ಮೇಲಿನ ಸರದಿಯ ಆಟಗಾರರು ಸರಾಸರಿಯಲ್ಲಿ ಹೆಚ್ಚು ಸಮರ್ಥರೇ ಆಗಿದ್ದರು. ಆದರೆ ಅವರಿಗಾಗಿ ತೆತ್ತ ಬೆಲೆ ಆ ಸಾಮರ್ಥ್ಯವನ್ನು ಮೀರಿತ್ತು. ಆಗಿನ ಸಂಬಳಗಳ ಪ್ರಕಾರ ಅತ್ಯಂತ ಲಾಭದಾಯಕವಾದುದು ಎರಡನೆಯ ಸುತ್ತಿನ ಆದಿಯ ಸರದಿಗಳು. ಸೋತ ತಂಡಕ್ಕೆ ಉಡುಗೊರೆಯೆಂದು ಕೊಟ್ಟ ಮೊದಲನೆಯ ಸರದಿ ಅದಕ್ಕೆ ಹೊರೆಯಾಗುತ್ತಿತ್ತು. ಆದುದರಿಂದಲೇ ತಮ್ಮ ಪ್ರಬಂಧಕ್ಕೆ ಅವರು 'ಸೋತವರ ಶಾಪ' ಎಂಬ ಅರ್ಥದ ಹೆಸರನ್ನಿಟ್ಟರು.

ಆ ಮೇಲೆ ಸಂಬಳದ ನಿಯಮ ಬದಲಾಯಿತು. ೨೦೧೦ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡನ ಕರಾರು ಆರು ವರ್ಷಗಳಿಗೆ ೭೮ ದಶಲಕ್ಷ ಡಾಲರುಗಳಷ್ಟು. ೨೦೧೧ರ ಮೊದಲನೆಯವನಾದ ಕ್ಯಾಮ್ ನ್ಯೂಟನ್ನನದು ನಾಲ್ಕು ವರ್ಷಗಳಿಗೆ ೨೨ ದಶಲಕ್ಷದಷ್ಟು. ಇದರಿಂದ ಮೊದಲನೆಯ ಸರದಿಯ ಹೊರೆ ಬಹುಮಟ್ಟಿಗೆ ಇಳಿಯಿತು. ಆದರೆ ಆ ಪ್ರಾಧ್ಯಾಪಕರ ಇನ್ನೊಂದು ಫಲಿತಾಂಶಕ್ಕೂ ಸಂಬಳಕ್ಕೂ ಸಂಬಂಧವಿಲ್ಲ. ಒಂದೇ ಸ್ಥಾನದ ಇಬ್ಬರು ಆಟಗಾರರಲ್ಲಿ ಮೊದಲು ಆರಿಸಿದವನು ಅವನ ಹಿಂದೆಯೇ ಆರಿಸಲ್ಪಟ್ಟವನಿಗಿಂತ ಮೇಲಾಗಿ ಆಡುವ ಸಂಭವ ನೂರಕ್ಕೆ ಸುಮಾರು ೫೨ ಮಾತ್ರ. ನಾಣ್ಯ ಚಿಮ್ಮಿದರೆ ನೂರಕ್ಕೆ ೫೦. ಕಚೇರಿಯ ಪಂಡಿತರೆಲ್ಲ ಸೇರಿ ನಾಣ್ಯಕ್ಕಿಂತ ಇಷ್ಟೇ ಮುಂದೆ!

ಅಳತೆಯ ದೋಷ

ಹೀಗೇಕೆ? ಪಂಡಿತರು ಮೂರ್ಖರೆಂದಲ್ಲ, ಅಳೆಯಬೇಕಾದ ವಸ್ತು ಅಂಥದು. ಆಯ್ಕೆಗೆ ಮುಂಚೆ ತರುಣರನ್ನು ನಲವತ್ತು ಗಜ, ಅಂದರೆ ಸುಮಾರು ೩೬.೬ ಮೀಟರು ಓಡಿಸಿ ಕಾಲವನ್ನು ಗುರುತಿಸುತ್ತಾರೆ. ೪.೪ ಸೆಕೆಂಡಿನಲ್ಲಿ ಓಡಿದವನಿಗೂ ೪.೫ ಸೆಕೆಂಡಿನಲ್ಲಿ ಓಡಿದವನಿಗೂ ಗುರಿಯ ಬಳಿ ಇರುವ ಅಂತರ ಒಂದು ಮೀಟರಿನಷ್ಟು. ಆಟದಲ್ಲಿ ಇದು ಸಣ್ಣ ಅಂತರವಲ್ಲ. ಆದರೆ ಗಡಿಯಾರದ ಗುಂಡಿಯನ್ನು ಕೈಯಿಂದ ಒತ್ತಿದರೆ ಅಷ್ಟೇ ದೋಷ ಬರಬಹುದು. ವಿದ್ಯುತ್ ಗಡಿಯಾರವಿಟ್ಟು ಈ ದೋಷವನ್ನು ಕಳೆದರೂ ನಾವು ಅಳೆದುದು ಓಟವನ್ನು, ಬೇಕಾಗಿರುವುದು ಆಟ. ೨೦೧೭ರಲ್ಲಿ ಜಾನ್ ರಾಸ್ ಎಂಬವನು ಈ ದೂರವನ್ನು ೪.೨೨ ಸೆಕೆಂಡಿನಲ್ಲಿ ಓಡಿ ದಾಖಲೆ ಸ್ಥಾಪಿಸಿದ, ಒಂಬತ್ತನೆಯವನಾಗಿ ಆಯ್ಕೆಯಾದ, ಆದರೆ ಆಟದಲ್ಲಿ ಆ ನಿರೀಕ್ಷೆ ಫಲಿಸಲಿಲ್ಲ. ೨೦೦೦ದಲ್ಲಿ ಟಾಮ್ ಬ್ರೇಡಿ ಎಂಬವನು ೫.೨೮ ಸೆಕೆಂಡು ತೆಗೆದುಕೊಂಡ, ೧೯೯ನೆಯವನಾಗಿ ಆಯ್ಕೆಯಾದ, ಮುಂದೆ ಏಳು ಸೂಪರ್ ಬೌಲುಗಳನ್ನು ಗೆದ್ದ. ಎದುರಾಳಿಗಳು ಮೈಮೇಲೆ ಬೀಳುತ್ತಿರುವಾಗ ಎತ್ತ ಎಸೆಯಬೇಕೆಂಬ ವಿವೇಕವನ್ನು ಅಳೆಯುವ ಗಡಿಯಾರ ಇನ್ನೂ ಹುಟ್ಟಿಲ್ಲ. ಮಂಡಿ ಯಾವಾಗ ಮುರಿಯುವುದೆಂದು ತಿಳಿಸುವ ಉಪಕರಣವೂ ಇಲ್ಲ.

ಅಳತೆಯಲ್ಲಿ ದೋಷವಿರುವಾಗ ಅಗ್ರಸ್ಥಾನದಲ್ಲಿರುವವನನ್ನು ಆರಿಸುವುದರಲ್ಲಿ ಒಂದು ಗುಪ್ತವಾದ ಮೋಸವಿದೆ. ನನ್ನ ತರಗತಿಯ ಉದಾಹರಣೆಯನ್ನೇ ಕೊಡುತ್ತೇನೆ. ಒಂದು ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದ ವಿದ್ಯಾರ್ಥಿ ಮುಂದಿನ ಪರೀಕ್ಷೆಯಲ್ಲಿ ಸ್ವಲ್ಪ ಕೆಳಗಿಳಿಯುವುದು ವಾಡಿಕೆ. ಅವನು ಓದುವುದನ್ನು ಬಿಟ್ಟನೆಂದು ತಂದೆತಾಯಿಗಳು ಗದರಿಸುತ್ತಾರೆ. ನಿಜಸ್ಥಿತಿ ಬೇರೆ. ಅವನ ಅಂಕಗಳಲ್ಲಿ ಸಾಮರ್ಥ್ಯದ ಪಾಲೂ ಇತ್ತು, ಅಂದು ತಿಳಿದ ಪ್ರಶ್ನೆಗಳೇ ಬಂದ ಅದೃಷ್ಟದ ಪಾಲೂ ಇತ್ತು. ಎಲ್ಲರಿಗಿಂತ ಮೇಲೆ ಬಂದವನಲ್ಲಿ ಈ ಎರಡೂ ಕೂಡಿರುವ ಸಂಭವ ಹೆಚ್ಚು. ಸಾಮರ್ಥ್ಯ ಉಳಿಯುತ್ತದೆ; ಅದೃಷ್ಟ ಉಳಿಯುವುದಿಲ್ಲ. ಹೀಗೆ ಸರಾಸರಿಯ ಕಡೆಗೆ ಹಿಂದಿರುಗುವ ಪ್ರವೃತ್ತಿಯನ್ನು ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿಜ್ಞಾನಿ ೧೮೮೬ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ ತೋರಿಸಿದ.

ಇದರ ಮೇಲೆ ಪೈಪೋಟಿಯೂ ಸೇರಿದರೆ ಮೋಸ ಇಮ್ಮಡಿಸುತ್ತದೆ. ಮೂವತ್ತೆರಡು ಕಚೇರಿಗಳು ಒಬ್ಬನೇ ಆಟಗಾರನ ಯೋಗ್ಯತೆಯನ್ನು ಅಂದಾಜು ಮಾಡುತ್ತವೆಯೆನ್ನೋಣ. ಕೆಲವು ಹೆಚ್ಚಾಗಿ, ಕೆಲವು ಕಡಿಮೆಯಾಗಿ ಅಂದಾಜು ಮಾಡುತ್ತವೆ. ಅವನಿಗಾಗಿ ಎಲ್ಲರಿಗಿಂತ ಹೆಚ್ಚು ತೆರಲು ಮುಂದೆ ಬರುವ ಕಚೇರಿ ಯಾವುದು? ಹೆಚ್ಚುಕಡಮೆ ಎಲ್ಲರಿಗಿಂತ ಹೆಚ್ಚಾಗಿ ತಪ್ಪು ಮಾಡಿದುದೇ. ಸಮುದ್ರತಳದ ಎಣ್ಣೆಯ ಗುತ್ತಿಗೆಗಳನ್ನು ಹರಾಜಿನಲ್ಲಿ ಹಿಡಿದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಬಾರದಿರುವುದಕ್ಕೆ ಇದೇ ಕಾರಣವೆಂದು ೧೯೭೧ರಲ್ಲಿ ಮೂವರು ಎಂಜಿನಿಯರುಗಳು ತೋರಿಸಿಕೊಟ್ಟರು. ಇದಕ್ಕೆ 'ಗೆದ್ದವನ ಶಾಪ' ಎಂದು ಹೆಸರು.

ನಾಣ್ಯದ ಪ್ರಯೋಗ

ಇನ್ನು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಮೂವತ್ತೆರಡು ಮಂದಿಯನ್ನು ಸೇರಿಸಿ ಒಬ್ಬೊಬ್ಬರೂ ಐದು ಸಲ ನಾಣ್ಯ ಚಿಮ್ಮಲಿ. ಐದು ಸಲವೂ ತಲೆಯೇ ಬೀಳುವ ಸಂಭವ ಎರಡರ ಐದನೆಯ ಘಾತಕ್ಕೆ ಒಂದು, ಎಂದರೆ ಮೂವತ್ತೆರಡರಲ್ಲಿ ಒಂದು. ಆದುದರಿಂದ ಸರಾಸರಿಯಲ್ಲಿ ಒಬ್ಬನಿಗೆ ಐದೂ ತಲೆಯೇ ಬೀಳುತ್ತದೆ. ಇನ್ನೊಬ್ಬನಿಗೆ ಒಂದೂ ಬೀಳುವುದಿಲ್ಲ. ತಂಡಗಳೂ ಮೂವತ್ತೆರಡೇ ಎಂಬುದನ್ನು ನೆನೆಯಿರಿ. ಎಲ್ಲ ಕಚೇರಿಗಳೂ ನಾಣ್ಯ ಚಿಮ್ಮಿಯೇ ಆರಿಸಿದ್ದರೂ ಅಭಿಮಾನಿಗಳು ಒಂದು ಕಚೇರಿಯನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು, ಮತ್ತೊಂದರ ಬಾಗಿಲಲ್ಲಿ ನಿಂತು ಶಪಿಸುತ್ತಿದ್ದರು.

ಬುದ್ಧಿಯನ್ನೂ ಅದೃಷ್ಟವನ್ನೂ ಬೇರ್ಪಡಿಸಲು ಎಷ್ಟು ಆಯ್ಕೆಗಳು ಬೇಕು? ನಾಣ್ಯವನ್ನು ನೂರು ಸಲ ಚಿಮ್ಮಿದರೆ ತಲೆಯ ಸಂಖ್ಯೆ ಐವತ್ತರಿಂದ ಹತ್ತರಷ್ಟು ಆಚೀಚೆಯಾಗುವುದು ಸಹಜ. ಎರಡು ಸಾವಿರದ ಐನೂರು ಸಲ ಚಿಮ್ಮಿದರೆ ಐವತ್ತರಷ್ಟು ಆಚೀಚೆ. ನೂರಕ್ಕೆ ೬೦ ಸಲ ಸರಿಯಾಗುವ ಅಸಾಧಾರಣ ಕಚೇರಿಯನ್ನು ನಾಣ್ಯದಿಂದ ಬೇರ್ಪಡಿಸಲು ಸುಮಾರು ನೂರು ಆಯ್ಕೆಗಳಾದರೂ ಬೇಕು. ತಂಡವೊಂದು ವರ್ಷಕ್ಕೆ ಆರಿಸುವುದು ಸುಮಾರು ಎಂಟು ಮಂದಿಯನ್ನು. ಆದುದರಿಂದ ಹನ್ನೆರಡು ವರ್ಷ ಕಾಯಬೇಕು. ನೂರಕ್ಕೆ ೫೨ ಸಲ ಮಾತ್ರ ಸರಿಯಾಗುವ ಕಚೇರಿಯಾದರೆ ಎರಡು ಸಾವಿರದ ಐನೂರು ಆಯ್ಕೆಗಳು ಬೇಕು. ಅದಕ್ಕೆ ಮುನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ! ಅಭಿಮಾನಿಗಳಿಗಾಗಲಿ ಒಡೆಯರಿಗಾಗಲಿ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೂರು ನಾಲ್ಕು ವರ್ಷಗಳಲ್ಲಿ ತೀರ್ಪಾಗಿ ಅಧಿಕಾರಿಯ ಕೆಲಸ ಹೋಗುತ್ತದೆ. ಅವನ ಬದಲು ಬಂದವನು ಹೊಸದಾಗಿ ನಾಣ್ಯವನ್ನು ಕೈಗೆತ್ತಿಕೊಳ್ಳುತ್ತಾನೆ.

ಹಾಗಾದರೆ ಏನು ಮಾಡಬೇಕು?

ಇದೆಲ್ಲ ಕೇಳಿ ಬುದ್ಧಿಗೆ ಕೆಲಸವೇ ಇಲ್ಲವೆಂದು ಭಾವಿಸಬಾರದು. ಯಾರನ್ನು ಆರಿಸಬೇಕೆಂಬುದರಲ್ಲಿ ಬುದ್ಧಿಯ ಬಲ ಸ್ವಲ್ಪವೇ ಆದರೂ, ಎಷ್ಟು ಸಲ ಆರಿಸಬೇಕೆಂಬುದು ನಮ್ಮ ಕೈಯಲ್ಲಿದೆ. ಮೇಲಿನ ಸರದಿಯ ಆಟಗಾರ ಸಫಲನಾಗುವ ಸಂಭವ ನೂರಕ್ಕೆ ೬೦, ಕೆಳಗಿನ ಸರದಿಯವನದು ೪೦ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಂದು ಮೇಲಿನ ಸರದಿಗೆ ಬದಲಾಗಿ ಎರಡು ಕೆಳಗಿನವು ದೊರೆತರೆ, ಇಬ್ಬರೂ ವಿಫಲರಾಗುವ ಸಂಭವ ೦.೬ × ೦.೬ = ೦.೩೬. ಎಂದರೆ ಒಬ್ಬನಾದರೂ ಸಫಲನಾಗುವ ಸಂಭವ ನೂರಕ್ಕೆ ೬೪. ಇಬ್ಬರೂ ಸಫಲರಾದರೆ ಅದು ಮೇಲು ಲಾಭ. ತನ್ನ ಅಂದಾಜಿನಲ್ಲಿ ದೋಷವಿದೆಯೆಂದು ಒಪ್ಪಿಕೊಂಡವನಿಗೆ ಹೆಚ್ಚು ಸರದಿಗಳು ಬೇಕು. ತನ್ನ ಕಣ್ಣು ತಪ್ಪುವುದಿಲ್ಲವೆಂದು ನಂಬಿದವನಿಗೆ ಒಂದೇ ಸಾಕು.

ಈ ನಿಯಮಕ್ಕೂ ಮಿತಿಯುಂಟು. ಕಣದಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನೇ ನಿಲ್ಲಬಹುದು. ಇಬ್ಬರು ಸಾಮಾನ್ಯರು ಕೂಡಿ ಒಬ್ಬ ಅಸಾಮಾನ್ಯನಾಗುವುದಿಲ್ಲ. ಆದುದರಿಂದ ಆ ಸ್ಥಾನಕ್ಕಾಗಿ ಹೆಚ್ಚು ತೆರುವುದು ಯಾವಾಗಲೂ ಅವಿವೇಕವಲ್ಲ. ಹೆಚ್ಚು ತೆತ್ತವನು ಕೆಲವೊಮ್ಮೆ ಕ್ಯಾನ್ಸಾಸ್ ಸಿಟಿಯಾಗುತ್ತಾನೆ, ಕೆಲವೊಮ್ಮೆ ವಾಷಿಂಗ್ಟನ್ ಆಗುತ್ತಾನೆ. ಆ ಹೊತ್ತಿನಲ್ಲಿ ತಿಳಿದಿದ್ದ ಸಂಗತಿಗಳನ್ನು ನೋಡಿ ನಿರ್ಧಾರವನ್ನು ತೂಗಬೇಕೇ ಹೊರತು ಆಮೇಲೆ ಮುರಿದ ಮಂಡಿಯನ್ನು ನೋಡಿ ಅಲ್ಲ.

ನನ್ನ ವಿದ್ಯಾರ್ಥಿಗೆ ನಾನು ಬರೆದ ಉತ್ತರ ಚಿಕ್ಕದು. ಅವನ ತಂಡದ ಕಚೇರಿಗೆ ಬುದ್ಧಿಯಿಲ್ಲವೆಂದು ಈಗ ದೊರೆತಿರುವ ಆಯ್ಕೆಗಳಿಂದ ಸಾಧಿಸಲಾಗದು, ಬುದ್ಧಿಯಿದೆಯೆಂದೂ ಸಾಧಿಸಲಾಗದು. ಆದರೆ ಒಬ್ಬನಿಗಾಗಿ ಎಲ್ಲವನ್ನೂ ತೆತ್ತಾಗ, ಅವರು ತಮ್ಮ ಅಳತೆಯ ದೋಷವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರೇ ಎಂದು ಕೇಳುವ ಹಕ್ಕು ಅಭಿಮಾನಿಗಿದೆ. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟೆ: ಮುಂದಿನ ಡ್ರಾಫ್ಟಿನ ದಿನ ಯಾರು ಸಫಲರಾಗುವರೆಂಬ ತನ್ನ ಅಭಿಪ್ರಾಯವನ್ನು ಒಂದು ಕಾಗದದ ಮೇಲೆ ಬರೆದು, ತಾರೀಖು ಹಾಕಿ, ಲಕೋಟೆಯಲ್ಲಿ ಅಂಟಿಸಿಡಲಿ, ಐದು ವರ್ಷಗಳ ಮೇಲೆ ಗೆಳೆಯರೆದುರಿಗೆ ತೆರೆಯಲಿ. ಕಚೇರಿಯವರ ತಪ್ಪುಗಳು ದೇಶಕ್ಕೆಲ್ಲ ಕಾಣುವಂತೆ ದಾಖಲಾಗುತ್ತವೆ. ನಮ್ಮ ತಪ್ಪುಗಳನ್ನು ನಾವು ಮರೆತುಬಿಡುತ್ತೇವೆ. ಲಕೋಟೆ ಮರೆಯುವುದಿಲ್ಲ.

ಲಕೋಟೆ ಸಿದ್ಧವಾಗಿದೆಯೆಂದು ಅವನು ಬರೆದಿದ್ದಾನೆ. ಈ ವರ್ಷದ ವಾದದಲ್ಲಿ ತನ್ನ ದನಿ ಯಾಕೋ ಸ್ವಲ್ಪ ಇಳಿದಿತ್ತೆಂದೂ ಬರೆದಿದ್ದಾನೆ.